ತಿರುವಿನಲ್ಲಿ ಕಿರುಚುವ ಕಾರು

ಯಾವ ಕಾರಿನ ಹೊಟ್ಟೆಯಲ್ಲಿ ಎಲ್ಲಿ ನೋವಿದ್ದರೂ ನಾನು ಮಲಗಿದಲ್ಲಿಂದಲೇ ಹೇಳಿಬಿಡುತ್ತೇನೆ. ಲೋಕದಲ್ಲಿ ಇಂಥ ಕಿವಿ ಇನ್ನೊಂದಿಲ್ಲ. ಇದರಲ್ಲಿ ಅರ್ಧ ಸುಳ್ಳು, ಒಪ್ಪಿಕೊಳ್ಳುತ್ತೇನೆ. ನನಗೆ ಗೊತ್ತಿರುವುದು ಒಂದೇ ಕಾರು, ಅದರದ್ದೂ ಒಂದೇ ಕಿರುಚಾಟ.

ಅದು ನಮ್ಮ ಸೊಸೆ ಓಡಿಸುವ ಕಾರು. ನಮ್ಮ ಯಜಮಾನರು ಕೊಂಡದ್ದು. ಅವರು ಹೋದರು, ಅದು ಹೋಗಲಿಲ್ಲ. ಸೊಸೆ ಔಷಧಿ ಅಂಗಡಿಯ ಕೆಲಸ ಮುಗಿಸಿ ಬರುವಾಗ ನಮ್ಮ ಬೀದಿಯ ತಿರುವಿನಲ್ಲಿ ಸ್ಟೀರಿಂಗ್ ಪೂರ್ತಿ ತಿರುಗಿಸುತ್ತಾಳಲ್ಲ, ಆಗ ಇಂಜಿನ್ ಬೆಲ್ಟ್ ಕಿರುಚುತ್ತದೆ. ಎಂಥ ಕಿರುಚಾಟ ಅಂತೀರಿ, ನೂರು ಬೆಕ್ಕುಗಳ ಬಾಲ ಒಟ್ಟಿಗೆ ತುಳಿದ ಹಾಗೆ. ಸತ್ತವರೂ ಮಗ್ಗುಲು ಬದಲಿಸಬೇಕು.

ನನಗೆ ಮಾತ್ರ ಅದು ಸಂಗೀತ. ಕಣ್ಣಿನ ಆಪರೇಷನ್ ಆದ ಮೇಲೆ ನಾನು ಇಸ್ಪೀಟು ಮುಟ್ಟಬಾರದೆಂದು ಸೊಸೆ ಕಟ್ಟಪ್ಪಣೆ ಮಾಡಿದ್ದಳು. ಇಸ್ಪೀಟಿಲ್ಲದ ಮಧ್ಯಾಹ್ನ ಎಷ್ಟು ಉದ್ದವೆಂದು ಅವಳಿಗೇನು ಗೊತ್ತು. ಒಂದೊಂದು ಮಧ್ಯಾಹ್ನದಲ್ಲಿ ನಾನು ಹತ್ತು ವರ್ಷ ಮುದುಕಿಯಾಗುತ್ತಿದ್ದೆ. ಹಾಗಾಗಿ ಬೇಕರಿಯವನ ತಾಯಿ ಮತ್ತು ಎದುರು ಮನೆಯ ಟೈಲರಮ್ಮ ದಿನವೂ ಹಿತ್ತಿಲ ಬಾಗಿಲಿಂದ ಬರುತ್ತಿದ್ದರು. ತಿರುವಿನಲ್ಲಿ ಕಾರು ಕಿರುಚಿದ ಕೂಡಲೇ ಎಲೆಗಳು ದಿಂಬಿನಡಿಗೆ, ಅವರಿಬ್ಬರು ಹಿತ್ತಿಲಿಗೆ, ನಾನು ಹಾಸಿಗೆಗೆ. ಸೊಸೆ ಒಳಗೆ ಬರುವಷ್ಟರಲ್ಲಿ ನನ್ನ ಗೊರಕೆ ಪಕ್ಕದ ಬೀದಿಗೆ ಕೇಳುತ್ತಿತ್ತು.

ಹೀಗಿರುವಾಗ ಒಂದು ಭಾನುವಾರ ಅವಳು, "ಅತ್ತೆ, ಇವತ್ತು ಗ್ಯಾರೇಜಿಗೆ ಹೋಗಿ ಆ ಸದ್ದು ನಿಲ್ಲಿಸ್ಕೊಂಡು ಬರ್ತೀನಿ. ಬೀದಿಯವರೆಲ್ಲ ನನ್ನ ಮುಖ ನೋಡಿ ನಗ್ತಾರೆ" ಅಂದಳು.

ನಾನು ತಕ್ಷಣ ಬಾಯಿ ಹಾಕಿದೆ. "ಪಾಪ, ಕಾರಿಗೂ ಒಂದು ಬಾಯಿ ಇರಲಿ ಬಿಡೇ."

"ಮನೇಲಿ ಒಂದು ಬಾಯಿ ಸಾಕು ಅತ್ತೆ."

ನಾನೂ ಬರುತ್ತೇನೆಂದು ಹಟ ಹಿಡಿದು ಕಾರು ಹತ್ತಿದೆ.

ಗ್ಯಾರೇಜಿನಲ್ಲಿ ಮೂಗಿನ ತುದಿಗೂ ಗ್ರೀಸ್ ಮೆತ್ತಿಕೊಂಡಿದ್ದ ಮೆಕ್ಯಾನಿಕ್ ಬಾನೆಟ್ ಎತ್ತಿ, "ಯಾವಾಗ ಕಿರುಚುತ್ತೆ?" ಎಂದು ಕೇಳಿದ.

"ಮಳೆ ಬಂದಾಗ" ಅಂದೆ ನಾನು.

"ತಿರುಗಿಸುವಾಗ" ಅಂದಳು ಸೊಸೆ.

ಅವನು ನಮ್ಮಿಬ್ಬರನ್ನೂ ನೋಡಿ, ಇವರು ಅತ್ತೆ ಸೊಸೆ ಎಂದು ಅರ್ಥ ಮಾಡಿಕೊಂಡವನ ಹಾಗೆ ತಲೆಯಾಡಿಸಿದ. "ಮೇಡಂ, ನೀವು ಒಳಗೆ ಕೂತು ಸ್ಟೀರಿಂಗ್ ಕೊನೇವರೆಗೂ ತಿರುಗಿಸಿ ಹಿಡ್ಕೊಳ್ಳಿ. ನಾನು ಬೆಲ್ಟ್ ಮೇಲೆ ನೀರು ಚಿಮುಕಿಸ್ತೀನಿ. ಸದ್ದು ತಗ್ಗಿದ್ರೆ ಬೆಲ್ಟ್ ಸವೆದಿದೆ ಅಂತ. ಜಾಸ್ತಿಯಾದ್ರೆ ಸಡಿಲ ಆಗಿದೆ ಅಂತ."

"ನೀನು ಕಿವಿಗೊಟ್ಟು ಕೇಳಪ್ಪ, ನೀರು ನಾನು ಚಿಮುಕಿಸ್ತೀನಿ" ಎಂದು ಅವನ ಕೈಯಿಂದ ಬಾಟಲಿ ಕಿತ್ತುಕೊಂಡೆ.

"ಕೈ ದೂರ ಇರಲಿ ಅಜ್ಜಿ" ಎಂದು ಹೇಳಿ, ಅವನು ಆಚೆ ಬದಿಯಲ್ಲಿ ಬಗ್ಗಿ ಕಣ್ಣು ಮುಚ್ಚಿದ. ಕಾರು ಕಿರುಚಿತು. ಬೆಲ್ಟ್ ಒಂದು ಬಿಟ್ಟು ಉಳಿದ ಎಲ್ಲದಕ್ಕೂ ನಾನು ನೀರು ಚಿಮುಕಿಸಿದೆ. ಅವನ ಚಪ್ಪಲಿಗೂ ಒಂದಿಷ್ಟು ಬಿತ್ತು.

"ಸದ್ದು ಒಂಚೂರೂ ಬದಲಾಗ್ಲಿಲ್ಲ" ಎಂದು ಅವನು ನೆಟ್ಟಗಾದ. "ಹಾಗಾದ್ರೆ ಬೆಲ್ಟ್ ಅಲ್ಲ. ಒಳಗೆ ಬೇರಿಂಗ್ ಹೋಗಿರಬೇಕು. ಬಿಚ್ಚಿ ನೋಡ್ಬೇಕು, ಗಾಡಿ ಒಂದು ವಾರ ಇಲ್ಲೇ ಇರಲಿ."

ನಾನು ಒಳಗೊಳಗೇ ಕುಣಿದೆ. ಆದರೆ ಕುಣಿತ ಮುಗಿಯುವ ಮೊದಲೇ ಸೊಸೆ, "ಇರಲಿ ಬಿಡಿ, ಒಂದು ವಾರ ನಡ್ಕೊಂಡೇ ಮನೆಗೆ ಬರ್ತೀನಿ" ಅಂದುಬಿಟ್ಟಳು. ನಡೆದು ಬರುವವಳ ಚಪ್ಪಲಿ ತಿರುವಿನಲ್ಲಿ ಕಿರುಚುತ್ತದೆಯೇ? ಕಾರು ರಿಪೇರಿಯಾದರೂ ನನಗೆ ನಷ್ಟ, ಆಗದಿದ್ದರೂ ನಷ್ಟ. ಕೊನೆಗೆ ಸೊಸೆಯ ಕಾಲು ನೋಯುವುದಾದರೂ ತಪ್ಪಲಿ ಎಂದುಕೊಂಡೆ.

"ತಡಿಯಪ್ಪ. ನೀರು ಬೆಲ್ಟಿಗೆ ಬಿತ್ತೋ ಇಲ್ವೋ. ಕಣ್ಣು ಇನ್ನೂ ಸ್ವಲ್ಪ ಮಂಜು ನೋಡು."

ಸೊಸೆಯ ತಲೆ ಕಿಟಕಿಯಿಂದ ಹೊರಗೆ ಬಂತು. "ಮಂಜಾ? ಹಾಗಾದ್ರೆ ಇನ್ನೂ ಎರಡು ತಿಂಗಳು ವಿಶ್ರಾಂತಿ ತಗೊಳ್ಳಿ."

"ಮಂಜೂ ಇಲ್ಲ, ಮಣ್ಣೂ ಇಲ್ಲ ಕಣೇ. ಹದ್ದಿನ ಕಣ್ಣು ನಂದು. ಕೈ ಜಾರಿತು ಅಷ್ಟೆ."

"ಹದ್ದಿಗೆ ಇಷ್ಟುದ್ದದ ಬೆಲ್ಟ್ ಕಾಣಿಸ್ಲಿಲ್ವಾ ಅತ್ತೆ?"

ಮೆಕ್ಯಾನಿಕ್ ನಗು ತಡೆಯಲು ಮುಖ ಆ ಕಡೆ ತಿರುಗಿಸಿದ. ಬಾಟಲಿ ತೆಗೆದುಕೊಂಡು ತಾನೇ ನೀರು ಚಿಮುಕಿಸಿದ. ಸದ್ದು ಎಷ್ಟು ಏರಿತೆಂದರೆ ತಗಡಿನ ಮಾಡಿನ ಮೇಲಿದ್ದ ಕಾಗೆಗಳೆಲ್ಲ ಊರು ಬಿಟ್ಟವು. "ಸಡಿಲ" ಅಂದ. ಇಂಜಿನ್ ನಿಲ್ಲಿಸಲು ಹೇಳಿ, ಸಲಾಕೆಯಿಂದ ಮೀಟಿ ಬೆಲ್ಟ್ ಎಳೆದು ಹಿಡಿದು, ಬೋಲ್ಟು ಬಿಗಿದು, ಹೆಬ್ಬೆರಳಿನಿಂದ ಒತ್ತಿ ನೋಡಿದ. ಸೊಸೆ ಮತ್ತೆ ಇಂಜಿನ್ ಚಾಲೂ ಮಾಡಿ ಸ್ಟೀರಿಂಗ್ ತಿರುಗಿಸಿದಳು. ಕಾರು ಎಣ್ಣೆ ಹಚ್ಚಿದ ಬಾಗಿಲಿನಂತೆ ಸುಮ್ಮನಿತ್ತು. ಅವಳ ಮುಖ ಅರಳಿತು. ನನ್ನದು ಇಂಗು ತಿಂದ ಮಂಗನ ಮುಖ.

ಮಾರನೆಯ ದಿನ ಆಟ ಬಿಡಲು ನಮ್ಮಲ್ಲಿ ಯಾರಿಗೂ ಮನಸ್ಸು ಬರಲಿಲ್ಲ. ಟೈಲರಮ್ಮನನ್ನು ಕಿಟಕಿಯ ಪಕ್ಕ ಕಾವಲಿಗೆ ಕೂರಿಸಿದೆವು. ಅವಳಿಗೆ ಒಳ್ಳೆಯ ಎಲೆ ಬಿದ್ದರೆ ಮನೆಗೆ ಬೆಂಕಿ ಬಿದ್ದರೂ ಗೊತ್ತಾಗುವುದಿಲ್ಲ ಎಂಬುದನ್ನು ನಾವು ಮರೆತಿದ್ದೆವು.

ನನ್ನ ಕೈಯಲ್ಲಿ ಎಲೆಯೆಲ್ಲ ಜೋಡಿಯಾಗಿತ್ತು, ಒಂದು ರಾಣಿ ಬಂದರೆ ಆಟ ನನ್ನದು. ಆಗ ಹಿಂದಿನಿಂದ ಔಷಧಿ ಅಂಗಡಿಯ ವಾಸನೆ ಬಂತು. ಬೇಕರಿಯವನ ತಾಯಿ ಬಾಯಿ ತೆರೆದವಳು ಮುಚ್ಚಲಿಲ್ಲ.

ತಿರುಗಿ ನೋಡಿದೆ. ಸೊಸೆ ನನ್ನ ಭುಜದ ಮೇಲಿಂದ ಎಲೆಗಳನ್ನೇ ನೋಡುತ್ತ ನಿಂತಿದ್ದಳು. ಎಷ್ಟು ಹೊತ್ತಿನಿಂದಲೋ ದೇವರೇ ಬಲ್ಲ.

"ಅದು ಎಷ್ಟನೇ ನಂಬರು ಅತ್ತೆ?" ಎಂದು ಒಂದು ಎಲೆಯ ಮೇಲೆ ಬೆರಳಿಟ್ಟು ಕೇಳಿದಳು.

"ಒಂಬತ್ತು" ಅಂದೆ.

"ಆ ಮೂಲೆಯಲ್ಲಿರೋದು?"

"ಇಸ್ಪೀಟು ಗುಲಾಮ."

ಅವಳು ಕೈಚೀಲ ಕೆಳಗಿಟ್ಟಳು. ನನ್ನ ಮುಖವನ್ನು ಬೆಳಕಿಗೆ ತಿರುಗಿಸಿ ಎರಡೂ ಕಣ್ಣುಗಳನ್ನು ಚೆನ್ನಾಗಿ ನೋಡಿದಳು. ಆಮೇಲೆ ಮೂಲೆಯ ಕುರ್ಚಿಯನ್ನು ಕಾಲಿನಿಂದಲೇ ಮೇಜಿನ ಹತ್ತಿರಕ್ಕೆ ಎಳೆದುಕೊಂಡಳು.

ಮುಂದೆ ಏನು ಹೇಳಿದಳು ಅಂತೀರಿ? ಎಲ್ಲವನ್ನೂ ನಾನೇ ಹೇಳಬೇಕೇ, ನೀವೇ ಹೇಳಿ ನೋಡೋಣ.