ಸೀಸೆಯಲ್ಲಿ ಬೆಳೆದ ಗಾಯ

ನಾನು ಒಂದು ಗಾಯದ ಗಡ್ಡೆ. ಹುಟ್ಟಿದ್ದು ಸೇವಂತಿಗೆಯ ಮನೆತನದಲ್ಲಿ. ಆದರೆ ನನಗೆ ಎಲೆಯಿಲ್ಲ, ಹೂವಿಲ್ಲ; ನೋಡಲು ಹಳಸಿದ ಉಪ್ಪಿಟ್ಟಿನ ಮುದ್ದೆಯ ಹಾಗಿದ್ದೇನೆ.

ನನ್ನ ತಾಯಿಗಿಡ ಗುರುಸಿದ್ದವ್ವ ಎಂಬ ಮುದುಕಿಯ ಹಿತ್ತಲಲ್ಲಿತ್ತು. ಕುಂಕುಮ ಬಣ್ಣದ ಸಣ್ಣ ಹೂವು ಬಿಡುತ್ತಿತ್ತು. ಆ ಮನೆಯ ಹೆಣ್ಣುಮಕ್ಕಳು ಗಂಡನ ಮನೆಗೆ ಹೊರಟಾಗ ಉಡಿಯಲ್ಲಿ ಅಕ್ಕಿ, ಕೊಬ್ಬರಿಯ ಜೊತೆ ಅದರ ಒಂದು ಸಸಿಯನ್ನೂ ಇಡುವುದು ರೂಢಿ. ಬೇರುಕೊಳೆ ರೋಗ ಬಂದು ಹಿತ್ತಲಿನ ಸಾಲೆಲ್ಲ ಸತ್ತಿತು. ಹೆಣ್ಣುಮಕ್ಕಳ ಮನೆಗಳಲ್ಲೂ ಒಂದೂ ಉಳಿದಿರಲಿಲ್ಲ. ಕೊನೆಯ ಗಿಡದ ಕಾಂಡವೂ ಕೊಳೆತು, ತುದಿಯ ಎಲೆಗಳಷ್ಟೇ ಹಸಿರಾಗಿದ್ದಾಗ ಮುದುಕಿ ಅದನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡು ಧಾರವಾಡದ ಒಂದು ಪ್ರಯೋಗಾಲಯಕ್ಕೆ ಬಂದಳು.

“ಮೊಮ್ಮಗಳ ಮದುವಿ ಬರೂ ಯುಗಾದಿ ಆದಮ್ಯಾಲ ಐತಿ, ತಂಗಿ. ಒಂದ ಸಸಿ ಮಾಡಿಕೊಡು, ಸಾಕು.”

“ಒಂದ್ಯಾಕ್ರಿ ಅಜ್ಜಿ, ಉಡಿ ತುಂಬ ಕೊಡ್ತೀನಿ,” ಎಂದಳು ಸಂಶೋಧಕಿ ಪ್ರಫುಲ್ಲಾ. ಆಗ ಅವಳ ಮಾತಿನಲ್ಲಿ ಸುಳ್ಳಿರಲಿಲ್ಲ.

ಅವಳು ಎಲೆಯನ್ನು ಚೂರು ಚೂರು ಕೊಯ್ದು ಸೀಸೆಯಲ್ಲಿ, ಗಿಡಕ್ಕೆ ಆಹಾರವಾಗುವ ಜೆಲ್ಲಿಯ ಮೇಲೆ ಇಟ್ಟಳು. ಹಾಗೆ ನಾನು ಹುಟ್ಟಿದೆ. ಬಲಿತ ಎಲೆಯ ಜೀವಕೋಶಗಳು ಒಡೆದು ಎರಡಾಗುವುದನ್ನು ಬಿಟ್ಟು ತೆಪ್ಪಗಿರುತ್ತವೆ. ಗಾಯವಾಯಿತೋ, ಮಲಗಿದ್ದ ಜೀನುಗಳು ದಡಬಡಿಸಿ ಎದ್ದು ಅವುಗಳನ್ನು ಒಡೆಯಲು ಹಚ್ಚುತ್ತವೆ. ತೋಟದಲ್ಲಾದರೆ ಗಾಯ ಮುಚ್ಚಿದ ಮೇಲೆ ಈ ಗಡಿಬಿಡಿ ನಿಲ್ಲುತ್ತದೆ. ಇಲ್ಲಿ ನಿಲ್ಲಲಿಲ್ಲ, ಏಕೆಂದರೆ ನನ್ನ ಕೆಳಗಿನ ಜೆಲ್ಲಿಯಲ್ಲಿ ಎರಡು ಹಾರ್ಮೋನು ಬೆರೆಸಿದ್ದರು. ಆಕ್ಸಿನ್ ಹೆಚ್ಚಾದರೆ ಬೇರು, ಸೈಟೊಕೈನಿನ್ ಹೆಚ್ಚಾದರೆ ಚಿಗುರು. ಎರಡೂ ಸರಿಸಮ ಸೇರಿದರೆ ನನ್ನಂಥ ಮುದ್ದೆ.

ಸ್ವಲ್ಪ ದಿನದಲ್ಲೇ ನನ್ನ ಮೈಮೇಲೆ ಹಸಿರು ಚುಕ್ಕೆಗಳು ಮೂಡಿದವು. ಆಗಲೇ ಜೆಲ್ಲಿ ಬದಲಿಸಿದ್ದರೆ ಅವು ಚಿಗುರಾಗುತ್ತಿದ್ದವು. ನನಗೂ ಆಸೆಯಿತ್ತು. ಆದರೆ ಪ್ರಫುಲ್ಲಾಳ ಸಂಶೋಧನೆ ಗಾಯದ ಮೇಲೆ. ಕೊಯ್ದಾಗ ಯಾವ ಜೀನು ಮೊದಲು ಏಳುತ್ತದೆ ಎಂದು ಅವಳಿಗೆ ತಿಳಿಯಬೇಕಿತ್ತು. ಕೊಯ್ದಳು. ಅರ್ಧ ಪರೀಕ್ಷೆಗೆಂದು ಅರೆದಳು, ಅರ್ಧ ಹೊಸ ಸೀಸೆಗೆ ಹಾಕಿದಳು. ಮತ್ತೆ ಕೊಯ್ದಳು.

“ಕೊಯ್ದಷ್ಟೂ ಹೆಂಗ ಬೆಳೀತೈತಿ ನೋಡ್ರಿ!” ಎಂದು ಜೊತೆಯವರಿಗೆ ತೋರಿಸಿ ಹಿಗ್ಗಿದಳು. ನನಗೋ ಮೈಯೆಲ್ಲ ಉರಿ. ಹಾರ್ಮೋನಿನ ಪ್ರಮಾಣ ಬದಲಿಸಿದರೆ ಸಸಿ ಯಾವಾಗ ಬೇಕಾದರೂ ಬಂದೀತು ಎಂಬ ಧೈರ್ಯ ಅವಳದು. ಅಂಥ ಧೈರ್ಯ ಓದಿದವರಿಗಷ್ಟೇ ಬರುತ್ತದೆ. ಸಸಿಗೆಂದು ಒಂದು ಸೀಸೆಯನ್ನೂ ಅವಳು ಬೇರೆ ಇಡಲಿಲ್ಲ.

ಚುಕ್ಕೆಗಳು ಮಾಸಿದವು. ಒಡೆದು ಒಡೆದು ನನ್ನ ಕೋಶಗಳು ತಾವು ಸೇವಂತಿಗೆ ಎಂಬುದನ್ನೇ ಮರೆತವು. ಯುಗಾದಿ ಹತ್ತಿರ ಬಂದಾಗ ಪ್ರಫುಲ್ಲಾ ಜೆಲ್ಲಿ ಬದಲಿಸಿದಳು. ನಾನು ಬರೀ ಊದಿಕೊಂಡೆ. ಇನ್ನೊಮ್ಮೆ ಬದಲಿಸಿದಳು, ಅಂಚು ಕಂದು ಬಣ್ಣಕ್ಕೆ ತಿರುಗಿತು. ಹೊಸ ಎಲೆ ತರೋಣವೆಂದರೆ ತಾಯಿಗಿಡ ಎಂದೋ ಕಸದ ಬುಟ್ಟಿ ಸೇರಿತ್ತು. ಅವಳು ಊಟ ಬಿಟ್ಟು ನನ್ನೆದುರು ಕೂತು ಅತ್ತಳು. ನನಗೆ ಕನಿಕರ ಬರಲಿಲ್ಲ.

ಇವತ್ತು ಗುರುಸಿದ್ದವ್ವ ಬಂದಿದ್ದಾಳೆ. ಕೈಯಲ್ಲಿ ಮಣ್ಣು ತುಂಬಿದ ತೆಂಗಿನ ಚಿಪ್ಪು. ನಾಡಿದ್ದು ಮದುವೆ. ಪ್ರಫುಲ್ಲಾ ನನ್ನ ಸೀಸೆಯನ್ನು ಅವಳ ಮುಂದಿಟ್ಟಳು.

“ಇದು ನಮ್ಮ ಶಾವಂತಿಗೇನ?”

“ಹೌದ್ರಿ ಅಜ್ಜಿ. ಜೀವ ಐತಿ. ಆದ್ರ ಇದು ಚಿಗುರೂದಿಲ್ರಿ.”

ಮುದುಕಿಗೆ ಜೀವ ಎಂಬ ಮಾತಷ್ಟೇ ಕೇಳಿಸಿತು. ಸೀಸೆಯ ಮುಚ್ಚಳ ತೆಗೆದು ನನ್ನನ್ನು ಅಂಗೈಗೆ ಹಾಕಿಕೊಂಡಳು. ಚಿಪ್ಪಿನ ಮಣ್ಣಿನಲ್ಲಿ ಹೆಬ್ಬೆರಳಿಂದ ಕುಳಿ ಮಾಡಿದಳು.

“ಬುಡ ಯಾವ ಕಡಿ ಐತಿ, ತಂಗಿ? ತಲಿಕೆಳಗ ಹಚ್ಚಬಾರದು.”

ಮುದುಕಿ ಬುಡ ಹುಡುಕುತ್ತ ನನ್ನನ್ನು ಅಂಗೈಯಲ್ಲಿ ಹೊರಳಿಸಿ ಹೊರಳಿಸಿ ನೋಡುತ್ತಿದ್ದಾಳೆ.