ಅತ್ತಿಗೆಯ ಬಾಗಿಲುಮಾಲೆ

ಥೂ, ಆ ಮಾಲೆಯ ಮಾತೆತ್ತಿದರೆ ಇವತ್ತಿಗೂ ನನಗೆ ಹೇಸಿಗೆಯಾಗುತ್ತದೆ.

ನಮ್ಮತ್ತಿಗೆಯ ಬ್ಯೂಟಿ ಪಾರ್ಲರಿನ ಬಾಗಿಲಿಗೆ ಒಂದು ದುಂಡನೆಯ ಮಾಲೆ ತೂಗುತ್ತಿತ್ತು. ಹಳೆಯ ತಂತಿ ಹ್ಯಾಂಗರನ್ನು ಬಗ್ಗಿಸಿ, ಹರಿದ ಟವೆಲಿನ ಪಟ್ಟಿ ಸುತ್ತಿದ ಬಳೆ ಅದು. ಋತು ಬದಲಾದ ಹಾಗೆ ಅದರ ಅಲಂಕಾರವೂ ಬದಲಾಗಬೇಕು, ಆದರೆ ಕೈಯಿಂದ ಒಂದು ಕಾಸೂ ಬಿಚ್ಚಬಾರದು. ವಸಂತಕ್ಕೆ ಹಳೆಯ ಪತ್ರಿಕೆಗಳಲ್ಲಿದ್ದ ಸುಂದರಿಯರ ತುಟಿಗಳನ್ನು ಕತ್ತರಿಸಿ ಹೂವು ಮಾಡಿದ್ದರು. ಬೇಸಿಗೆಗೆ ಒಣಗಿಹೋದ ನೇಲ್ ಪಾಲಿಶ್ ಬಾಟಲಿಗಳ ಮುಚ್ಚಳ. ಚಳಿಗಾಲಕ್ಕೆ ಹಿಮ ಬೇಕಲ್ಲ, ಗಿರಾಕಿಗಳ ಮುಖ ಒರೆಸಿದ ಹತ್ತಿಯನ್ನೇ ಒಗೆದು ಒಣಗಿಸಿ ಅಂಟಿಸಿದ್ದರು. ಯಾರದೋ ಮೂಗಿನ ಜಿಡ್ಡು, ಯಾರದೋ ಮೊಡವೆಯ ಕೀವು! ಆ ಚಳಿಗಾಲ ಪೂರ್ತಿ ನಾನು ಉಸಿರು ಬಿಗಿಹಿಡಿದೇ ಬಾಗಿಲು ದಾಟಿದ್ದೇನೆ.

"ನೋಡಿದವರೆಲ್ಲ ಹೊಗಳ್ತಾರೆ, ನಿನಗೊಬ್ಬಳಿಗೇ ಏನೇ ಕಷ್ಟ?" ಎನ್ನುತ್ತಿದ್ದರು ಅತ್ತಿಗೆ.

"ಅವರಿಗೆ ಅದೇನು ಅಂತ ಗೊತ್ತಿಲ್ಲ ಅತ್ತಿಗೆ. ಗೊತ್ತಾದ್ರೆ ಮೆಟ್ಟಿಲ ಮೇಲೇ ವಾಂತಿ ಮಾಡ್ಕೋತಾರೆ."

"ಅಬ್ಬಬ್ಬಾ, ನಿನ್ನ ಬಾಯೋ!"

ನನಗೆ ಕತ್ತರಿ ಎಂದು ಹೆಸರಿಟ್ಟವರೇ ಅವರು. ಕೂದಲು ಕತ್ತರಿಸುವುದು ನನ್ನ ಕೆಲಸ ಹೌದು, ಆದರೆ ಹೆಸರು ಬಂದದ್ದು ನಾಲಿಗೆಯಿಂದ.

ಪಾರ್ಲರಿನಲ್ಲಿ ಒಂದು ಪದ್ಧತಿ ಇತ್ತು. ಕತ್ತರಿಸಿದ ಉದ್ದ ಕೂದಲನ್ನು ಕೆಳಗಿನ ಡ್ರಾಯರಿನಲ್ಲಿ ಇಡುತ್ತಿದ್ದೆವು. ರಬ್ಬರ್ ಬ್ಯಾಂಡ್ ಹಾಕಿದ್ದರೆ ಅದು ಪಾರ್ಲರಿನದು, ಕೂದಲು ವ್ಯಾಪಾರಿಗೆ ಹೋಗುವಂಥದ್ದು. ರಿಬ್ಬನ್ ಕಟ್ಟಿದ್ದರೆ ಗಿರಾಕಿಯದು, ಯಾರೂ ಮುಟ್ಟುವಂತಿಲ್ಲ. ಇಷ್ಟು ವರ್ಷಗಳಲ್ಲಿ ಒಮ್ಮೆಯೂ ಹೆಚ್ಚುಕಡಿಮೆ ಆಗಿರಲಿಲ್ಲ.

ಎಲೆ ಉದುರುವ ಕಾಲ ಶುರುವಾದಾಗ ಒಬ್ಬ ತಾಯಿ ಹನ್ನೆರಡು ವರ್ಷದ ಮಗಳನ್ನು ಕರೆತಂದರು. ಅತ್ತಿಗೆ ಅಂದು ಬಂದಿರಲಿಲ್ಲ. ಹುಡುಗಿಗೆ ಏನೋ ದೊಡ್ಡ ಕಾಯಿಲೆ. ಮುಂದಿನ ವಾರದಿಂದ ಕೊಡುವ ಔಷಧಿಗೆ ಕೂದಲೆಲ್ಲ ಉದುರುತ್ತದಂತೆ. ಅದಕ್ಕೆ ಮೊದಲೇ ಜಡೆ ಕತ್ತರಿಸಿ, ಆ ಕೂದಲಿನಿಂದಲೇ ವಿಗ್ ಮಾಡಿಸಬೇಕು. ಸೊಂಟ ಮುಟ್ಟುವ ಜಡೆ, ಬಿಸಿಲಿಗೆ ತಾಮ್ರದ ಹಾಗೆ ಹೊಳೆಯುವ ಬಣ್ಣ. ಹುಡುಗಿ ಅಳಲಿಲ್ಲ. ಅಂಚಿಗೆ ಬಿಳಿ ಚುಕ್ಕೆಯಿದ್ದ ತನ್ನ ನೀಲಿ ರಿಬ್ಬನ್ನನ್ನು ನನ್ನ ಕೈಗೆ ಕೊಟ್ಟು, "ಇದರಲ್ಲೇ ಕಟ್ಟಿಡಿ ಆಂಟಿ, ಕಳೆದುಹೋಗಲ್ಲ" ಎಂದಳು.

"ಶನಿವಾರ ಬಂದು ತಗೊಂಡು ಹೋಗ್ತೀನಿ. ಜೋಪಾನ ಕಣಮ್ಮ. ವಿಗ್ಗಲ್ಲಿರೋದು ನನ್ನದೇ ಕೂದಲು ಅಂದ್ಕೊಂಡ್ರೆ ಆಸ್ಪತ್ರೇಲಿ ಧೈರ್ಯವಾಗಿರ್ತೀನಿ ಅಂದಿದಾಳೆ," ಎಂದರು ತಾಯಿ.

ಮರುದಿನ ಅತ್ತಿಗೆ ಬಂದವರೇ ಬಾಗಿಲ ಬಳಿ ಮಾಲೆಯ ಬಳೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. ನಾನು ಒಬ್ಬರ ತಲೆಗೆ ಬಣ್ಣ ಹಚ್ಚುತ್ತಿದ್ದೆ.

"ಕತ್ತರಿ, ರಿಬ್ಬನ್ ಕೊಡೇ."

"ಮುಗಿದಿದೆ. ಸುರುಳಿ ಪೂರ್ತಿ ನೀವೇ ಈ ದರಿದ್ರಕ್ಕೆ ಸುತ್ತಿ ಸುತ್ತಿ ಮುಗಿಸಿದ್ರಿ."

"ಒಂದು ಗೇಣು ಇರಲ್ವೇನೇ? ನೋಡೇ. ಡ್ರಾಯರಲ್ಲಿ ನೋಡೇ."

ಒಂದು ಸಲವಲ್ಲ, ಹತ್ತು ಸಲ. ನನ್ನ ತಲೆ ಕೆಟ್ಟುಹೋಯಿತು. ಡ್ರಾಯರ್ ಎಳೆದೆ, ಜಡೆಯಿಂದ ನೀಲಿ ರಿಬ್ಬನ್ ಬಿಚ್ಚಿದೆ, "ತಗೊಳ್ಳಿ, ಇದನ್ನೂ ನುಂಗಿ!" ಎಂದು ಬಿಸಾಕಿದೆ. ಜಡೆ ಬಿಚ್ಚಿಹೋಗದಿರಲಿ ಎಂದು ರಬ್ಬರ್ ಬ್ಯಾಂಡ್ ಹಾಕಿದೆ. ನಾಳೆ ಮನೆಯಿಂದ ಬೇರೆ ರಿಬ್ಬನ್ ತಂದು ಕಟ್ಟಿದರಾಯಿತು ಎಂದುಕೊಂಡೆ. ಮರೆತೆ.

ಶುಕ್ರವಾರ ಮಧ್ಯಾಹ್ನ ಅತ್ತಿಗೆ ಬಳೆಗೆ ಹಕ್ಕಿಗೂಡು ಅಂಟಿಸುತ್ತಿದ್ದರು. ಮಡಿಲಲ್ಲಿ ತುಂಡುತುಂಡು ಕೂದಲು ಕಂಡಿದ್ದೇ ನಾನು ಎರಡು ಹೆಜ್ಜೆ ಹಿಂದೆ ಸರಿದೆ.

"ಛೀ! ಕೂದಲಾ? ಈಗ ಕೂದಲಿಗೂ ಇಳಿದ್ರಾ?"

"ಹಕ್ಕಿಗೂಡು ಮತ್ತೇನ್ರಲ್ಲಿ ಮಾಡ್ಲಿ? ನಮ್ಮದೇ ಕೂದಲು, ಬಿಟ್ಟಿ. ಇಲ್ಲಿ ನೋಡೇ, ಎಷ್ಟು ಚೆನ್ನಾಗಿ..."

"ನಾನು ನೋಡಲ್ಲ. ನನ್ನ ಕಣ್ಣೆದುರು ಹಿಡೀಬೇಡಿ."

ಮುಖ ತಿರುಗಿಸಿದೆ. ಒಂದು ಸಲ, ಒಂದೇ ಒಂದು ಸಲ ನೋಡಿದ್ದರೆ ಆ ಬಣ್ಣ ಗುರುತು ಹಿಡಿಯುತ್ತಿದ್ದೆ. ಅರ್ಧವಾದರೂ ಉಳಿಯುತ್ತಿತ್ತು. ಸಂಜೆ ಅತ್ತಿಗೆ ಗೂಡಿನ ಮೇಲೆ ಚಿನ್ನದ ಬಣ್ಣ ಸಿಂಪಡಿಸಿ, ಮಾಲೆಯನ್ನು ಬಾಗಿಲಿಗೆ ತೂಗುಹಾಕಿದರು. ನಾನು ಆಗಲೂ ಮೂಗು ಮುರಿದು, ತಲೆ ತಗ್ಗಿಸಿಕೊಂಡೇ ಮನೆಗೆ ಹೋದೆ.

ಶನಿವಾರ ಬೆಳಿಗ್ಗೆ ರಿಬ್ಬನ್ ತಂದಿದ್ದೆ. ಡ್ರಾಯರ್ ಎಳೆದೆ. ಖಾಲಿ.

"ಅತ್ತಿಗೆ, ಇಲ್ಲಿದ್ದ ಜಡೆ?"

"ರಬ್ಬರ್ ಬ್ಯಾಂಡ್ ಹಾಕಿದ್ದಾ? ಹೇಳಿದ್ನಲ್ಲೇ, ಗೂಡಿಗೆ..." ನನ್ನ ಮುಖ ನೋಡಿದರು. "ಯಾರದ್ದೇ ಅದು?"

ಹೇಳಿದೆ. ಅತ್ತಿಗೆ ಖಾಲಿ ಡ್ರಾಯರನ್ನು ತಾವೂ ಎಳೆದು ನೋಡಿದರು. "ನನಗೆ ಹೇಗೇ ಗೊತ್ತಾಗ್ಬೇಕು? ರಬ್ಬರ್ ಬ್ಯಾಂಡ್ ಇತ್ತಲ್ಲೇ," ಎಂದು ಅದನ್ನೇ ಮತ್ತೆ ಮತ್ತೆ ಹೇಳಿದರು. ಆಮೇಲೆ ದನಿ ತಗ್ಗಿಸಿ, "ಕಳುವಾಯ್ತು ಅಂದ್ಬಿಡೋಣ ಕಣೇ," ಎಂದರು.

ಜಿಡ್ಡಿನ ಹತ್ತಿಗೆ ಹೇಸಿಕೊಂಡವಳು, ತುಟಿಯ ಹೂವಿಗೆ ಹೇಸಿಕೊಂಡವಳು ನಾನು. ಆ ಮಗು ನಂಬಿ ಕೊಟ್ಟ ರಿಬ್ಬನ್ನನ್ನು ಬಿಸಾಕಿದ ಈ ನನ್ನ ಕೈಗಳಷ್ಟು ಹೇಸಿಗೆ ಆ ಪಾರ್ಲರಿನಲ್ಲಿ ಬೇರೇನೂ ಇರಲಿಲ್ಲ.

ಅಷ್ಟರಲ್ಲಿ ತಾಯಿ ಬಂದೇಬಿಟ್ಟರು. ಬಾಗಿಲಲ್ಲೇ ನಿಂತರು. ಅವರ ಬೆರಳು ಹಕ್ಕಿಗೂಡನ್ನು ಸವರಿ ನೀಲಿ ರಿಬ್ಬನ್ನಿನ ಮೇಲೆ ನಿಂತಿತು.

"ಅಯ್ಯೋ, ಇದು ನಮ್ಮ ಮಗುವಿನ ರಿಬ್ಬನ್ ಅಲ್ವಾ?" ಎಂದು ನಕ್ಕರು. "ಬಾಗಿಲಿಗೇ ಹಾಕಿದೀರಾ? ಹೇಳಿದ್ರೆ ಎಷ್ಟು ಖುಷಿಪಡ್ತಾಳೋ! ಜಡೆ ಕೊಡಮ್ಮ, ವಿಗ್‌ನವರು ಕಾಯ್ತಿದಾರೆ."

ಅತ್ತಿಗೆ ನನ್ನ ತೋಳು ಚಿವುಟಿದರು. ನಾನು ಬಿಡಿಸಿಕೊಂಡೆ.

"ಜಡೆನೂ ಅದರಲ್ಲೇ ಇದೆ ಅಮ್ಮಾ," ಎಂದೆ. "ಆ ಗೂಡು ಅವಳ ಕೂದಲೇ. ರಿಬ್ಬನ್ ಬಿಚ್ಚಿದ್ದು ನಾನು."

ಅವರು ಕೈ ಹಿಂದಕ್ಕೆ ತೆಗೆದುಕೊಂಡರು. ಬೆರಳ ತುದಿಗೆ ಚಿನ್ನದ ಬಣ್ಣ ಅಂಟಿತ್ತು.