ತೊಳೆದ ನಳಿಗೆಯ ಮೊದಲ ಗುಂಡು

ಬಾಳೆಹಣ್ಣಿನ ವಾಸನೆ, ಇಲ್ಲಿ ಎಲ್ಲಿಂದ ಬಂತು, ಸುತ್ತ ಹತ್ತು ಮೈಲಿ ಬರೀ ಸೇಜ್ ಪೊದೆ, ಕಲ್ಲು, ಕುರಿ ಹಿಕ್ಕೆ, ನನ್ನ ಜೇಬಿನಲ್ಲಿರುವುದು ಒಣಮಾಂಸದ ಚೂರು ಮತ್ತು ಅರ್ಧ ಚ್ಯೂಯಿಂಗ್ ಗಮ್, ನಾನು ಬಾಳೆಹಣ್ಣು ತಿಂದು ನಾಲ್ಕು ದಿನ ಆಯಿತು, ಅದೂ ಲಾರಮಿ ಊರಿನ ಕಾಲೇಜು ಹಾಸ್ಟೆಲಿನಲ್ಲಿ, ಆದರೂ ಕೊಳೆಯಲು ಶುರುವಾದ ಹಣ್ಣಿನ ಆ ಸಿಹಿ ಇಲ್ಲೇ ಎಲ್ಲೋ ಇದೆ, ಕೆನ್ನೆಯ ಹತ್ತಿರವೇ, ಬೆಳಿಗ್ಗೆ ಐದೂವರೆಯಿಂದ ಹೊಟ್ಟೆಯ ಮೇಲೆ ಮಲಗಿದ್ದೇನೆ, ಎಡಮೊಣಕೈ ಕೆಳಗೆ ಒಂದು ಚೂಪು ಕಲ್ಲು, ತೆಗೆಯಬೇಕೆಂದರೆ ಅಲುಗಾಡಬೇಕು, ಅಲುಗಾಡಿದರೆ ಅವನು ನೋಡುತ್ತಾನೆ, ಬಂದಿಲ್ಲ ಇನ್ನೂ, ಬರುತ್ತಾನೆ, ಬಿಸಿಲು ಆ ಎದುರು ದಿಣ್ಣೆಯ ಅರ್ಧಕ್ಕೆ ಇಳಿದಾಗ ಬರುತ್ತಾನೆ, ಮೂರು ವರ್ಷ ಅವನ ಟೈಮ್‌ಟೇಬಲ್ ಬರೆದುಕೊಂಡವಳು ನಾನು — ಬಂದೂಕಿನ ವಾಸನೆ ಇದು. ನಳಿಗೆ ತೊಳೆಯುವ ಎಣ್ಣೆ. ಥತ್, ನಿನ್ನೆ ಸಂಜೆ ಬಂದೂಕು ತೊಳೆದಿದ್ದೇನೆ, ಒಳಗಡೆ, ಬ್ರಷ್ ಹಾಕಿ, ಬಟ್ಟೆ ಬೆಳ್ಳಗೆ ಹೊರಬರುವ ತನಕ, ನಾನು, ವರ್ಲ್ ಹ್ಯಾಸ್ಕೆಟ್‌ನ ಮಗಳು, ಏಪ್ರಿಲ್‌ನಿಂದ ಕೊನೆಯ ಕುರಿ ಮರಿ ಹಾಕುವ ತನಕ ಈ ಮನೆಯಲ್ಲಿ ಯಾರೂ ಬಂದೂಕಿನ ಒಳಗೆ ಬಟ್ಟೆ ತೂರಿಸುವುದಿಲ್ಲ ಅನ್ನುವುದನ್ನು ಮೂರನೇ ವಯಸ್ಸಿನಿಂದ ಕೇಳಿಕೊಂಡು ಬೆಳೆದವಳು. ಹೊರಗೆ ಒರೆಸು, ಒಳಗೆ ಮುಟ್ಬೇಡ, ಗಲೀಜು ನಳಿಗೆ ಸುಳ್ಳು ಹೇಳಲ್ಲ ಕಣೇ, ಅನ್ನುತ್ತಾನೆ ಅಪ್ಪ. ತೊಳೆದ ನಳಿಗೆಯಲ್ಲಿ ಮೊದಲ ಗುಂಡು ಎಣ್ಣೆಯ ಮೇಲೆ ಜಾರಿ ತನಗೆ ತೋಚಿದ ಕಡೆ ಹೋಗುತ್ತದೆ, ಎರಡನೆಯದರ ಮೂರನೆಯದರ ಹೊತ್ತಿಗೆ ಬುದ್ಧಿ ಬರುತ್ತದೆ. ಆದರೆ ನನಗೆ ಹೆದರಿಕೆ ಆದಾಗ ನಾನು ತೊಳೆಯುತ್ತೇನೆ, ಪರೀಕ್ಷೆಯ ಹಿಂದಿನ ದಿನ ಹಾಸ್ಟೆಲಿನ ಫ್ರಿಜ್ ತೊಳೆದಿದ್ದೆ, ರೂಮ್‌ಮೇಟ್‌ನ ಬೂಟು ಸಹ, ಅವಳು ಕೇಳಿರಲಿಲ್ಲ. ನಿನ್ನೆ ತಟ್ಟೆ ಮುಗಿದವು, ಒಲೆ ಮುಗಿಯಿತು, ಕೈಗೆ ಇನ್ನೇನೂ ಸಿಗಲಿಲ್ಲ, ಗೋಡೆಗೆ ಒರಗಿ ಇದು ನಿಂತಿತ್ತು.

ಒಂದು ಗುಂಡು ಸುಮ್ಮನೆ ಹಾರಿಸಿಬಿಟ್ಟರೆ ನಳಿಗೆ ಸರಿಹೋಗುತ್ತದೆ, ಹಾರಿಸಿದರೆ ಈ ಕಣಿವೆಯಲ್ಲಿ ಇವತ್ತಿಡೀ ಒಂದು ಮೊಲವೂ ತಲೆ ಎತ್ತುವುದಿಲ್ಲ, ಮತ್ತು ಇವತ್ತೇ ಭಾನುವಾರ. ನಾಳೆ ವಿಮಾನ. ಆ ಹಳದಿ ಪುಟ್ಟ ವಿಮಾನ, ಪೈಲಟ್ ಒಬ್ಬ, ಹಿಂದೆ ಬಂದೂಕು ಹಿಡಿದವನು ಒಬ್ಬ, ಪೊದೆಯ ನೆತ್ತಿ ಸವರಿಕೊಂಡು ಹಾರುತ್ತದೆ, ಓಡುವ ಕಯೋಟಿ, ನರಿಗಿಂತ ದೊಡ್ಡದು ತೋಳಕ್ಕಿಂತ ಚಿಕ್ಕದು, ಯಾವುದಾದರೂ ಸರಿ, ಗಂಡೋ ಹೆಣ್ಣೋ, ಕುರಿ ತಿಂದದ್ದೋ ಇಲಿ ತಿಂದದ್ದೋ, ಕೆಳಗಿರುವುದೆಲ್ಲ ಮುಗಿಯಿತು, ಆಮೇಲೆ ಯಾರಾದರೂ ಹೋಗಿ ಬಿಲದೊಳಗಿನ ಮರಿಗಳನ್ನೂ ಮುಗಿಸುತ್ತಾರೆ. ಅಪ್ಪ ಗುರುವಾರ ರಾತ್ರಿ ಊಟದ ಮೇಜಿನಲ್ಲಿ, ಬನ್ನಿನಂಥ ಬಿಸ್ಕೆಟ್ ಮೇಲೆ ಗ್ರೇವಿ ಸುರಿದುಕೊಳ್ಳುತ್ತ, ನನ್ನ ಮುಖ ನೋಡದೆ, ಒಂಬತ್ತು ಕುರಿಮರಿ ಹೋಯ್ತು ಜೋಡೆಲ್, ಎಯುಸೆಬಿಯೊ ಇವತ್ತು ಒಂಬತ್ತನೇದನ್ನ ಹೊತ್ಕೊಂಡು ಬಂದ, ಅಂದ. ಎಯುಸೆಬಿಯೊ ನಮ್ಮ ಕುರಿ ಕಾಯುವವನು, ಪೆರು ದೇಶದವನು, ಅವನಿಗೆ ಸತ್ತ ಮರಿಯನ್ನು ಬಿಟ್ಟು ಬರಲು ಆಗುವುದಿಲ್ಲ, ಕೋಟಿನೊಳಗೆ ಇಟ್ಟುಕೊಂಡು ಬರುತ್ತಾನೆ, ಗಂಟಲಲ್ಲಿ ನಾಲ್ಕು ತೂತು, ಮಿಕ್ಕಿದ್ದೆಲ್ಲ ಹಾಗೇ ಮೆತ್ತಗೆ, ಉಣ್ಣೆ ಇನ್ನೂ ಒದ್ದೆ. ನೀನು ಮೂರು ವರ್ಷ ಹೇಳ್ದೆ, ನಾನು ಮೂರು ವರ್ಷ ಕೇಳ್ದೆ, ಅಂದ ಅಪ್ಪ. ಅದು ನಿಜ. ಈ ಕಣಿವೆಯ ಜೋಡಿ ಕುರಿ ಮುಟ್ಟುವುದಿಲ್ಲ ಅಪ್ಪ, ಇವು ಇಲಿ ತಿಂದುಕೊಂಡು ಇರುತ್ತವೆ, ಬೇರೆ ಕಯೋಟಿಗಳನ್ನು ಒಳಗೆ ಬಿಡುವುದಿಲ್ಲ, ಇವನ್ನು ಕೊಂದರೆ ಬರುವವು ಎಂಥವೋ, ಅಂತ ಕ್ಯಾಮೆರಾ ಕಟ್ಟಿ, ಫೋಟೋ ತೋರಿಸಿ, ಕಾಲೇಜಿನಲ್ಲಿ ಅದರ ಮೇಲೆ ಇಪ್ಪತ್ತೆರಡು ಪುಟ ಬರೆದು ಒಳ್ಳೇ ಮಾರ್ಕೂ ತಗೊಂಡೆ. ಗಂಡಿಗೆ ನಾನು ಮೇಷ್ಟ್ರು ಅಂತ ಹೆಸರಿಟ್ಟಿದ್ದೆ, ಎಡಗಿವಿ ಹರಿದಿದೆ, ನಡೆಯುವಾಗ ತಲೆ ತಗ್ಗಿಸಿ ಏನೋ ನೆನಪು ಮಾಡಿಕೊಳ್ಳುವ ಹಾಗೆ ನಡೆಯುತ್ತಾನೆ, ಆ ಪುಟಗಳನ್ನೆಲ್ಲ ನನಗೆ ಹೇಳಿಕೊಟ್ಟವನೇ ಅವನು. ಈ ಸಲ ಅವನ ಬಿಲದಲ್ಲಿ ಐದು ಮರಿ, ಹಿಮ ಕಡಿಮೆ, ಮೊಲ ಕಡಿಮೆ, ಮೇಷ್ಟ್ರು ಕುರಿ ಹಿಡಿಯುವುದು ಕಲಿತುಬಿಟ್ಟ. ಬುಧವಾರ ನನ್ನ ಕ್ಯಾಮೆರಾದಲ್ಲೇ ಸಿಕ್ಕ, ಬಾಯಲ್ಲಿ ಕುರಿಮರಿ, ಹರಿದ ಕಿವಿ, ಇನ್ನೇನು ಬೇಕು. ಹೆಣ್ಣು ಬಿಲ ಬಿಟ್ಟು ಕದಲಿಲ್ಲ, ಹೋದ ವರ್ಷದ ಮಗಳೊಬ್ಬಳು ಜೊತೆಗಿದ್ದಾಳೆ, ಮರಿಗಳನ್ನು ಅವರಿಬ್ಬರು ಹೇಗೋ ಸಾಕಿಕೊಳ್ಳುತ್ತಾರೆ, ಅವನೊಬ್ಬ ಅಪ್ಪಾ, ಬರೀ ಅವನೊಬ್ಬ, ಅಂದೆ. ಅಪ್ಪ ಗ್ರೇವಿಯನ್ನು ನೋಡುತ್ತ ಇದ್ದ. ಸರಿ, ಅವನೊಬ್ಬ, ನೀನೇ ಮಾಡು, ಭಾನುವಾರದೊಳಗೆ, ಆಗ್ಲಿಲ್ಲ ಅಂದ್ರೆ ಸೋಮವಾರ ವಿಮಾನ ಬರುತ್ತೆ, ಆಮೇಲೆ ನನ್ನ ಹತ್ರ ಅಳ್ಬೇಡ. ಶುಕ್ರವಾರ ಅವನು ಬರಲಿಲ್ಲ. ಶನಿವಾರ ಮಂಜು.

ಅಣ್ಣ ಲ್ಯಾಡ್‌ನ ಬಂದೂಕು ತಂದಿದ್ದರೆ, ಕೊಡುತ್ತೇನೆ ಅಂದಿದ್ದ, ಆ ಒಂದು ವಾಕ್ಯವನ್ನು ಎಷ್ಟು ಉದ್ದ ಎಳೆದು ಹೇಳಿದ್ದ, ತಗೊಂಡು ಹೋಗೇ, ಮನುಷ್ಯ ಕೈಯಲ್ಲಿ ಮಾಡಿದ್ದು, ಹದಿನಾಲ್ಕು ತಿಂಗಳು ಕಾದಿದ್ದೀನಿ ಅದಕ್ಕೆ, ನಿಂದು ಅಂಗಡೀಲಿ ಕುದುರೆ ಜಂತುಹುಳದ ಔಷಧಿ ಪಕ್ಕ ನಿಂತಿದ್ದು. ಅದು ನಿಜವೇ, ಪಶು ಆಹಾರದ ಅಂಗಡಿ, ಮೇಲಿನ ಗೂಟದಲ್ಲಿ ಹಗ್ಗ, ಕೆಳಗೆ ರಬ್ಬರ್ ಬೂಟು, ನಡುವೆ ಸಾಲಾಗಿ ಒಂದೇ ಥರದ ಆರು ಬಂದೂಕು, ಪ್ಲಾಸ್ಟಿಕ್ ಹಿಡಿ, ನಾನು ಎಡದಿಂದ ನಾಲ್ಕನೆಯದನ್ನು ತೆಗೆದುಕೊಂಡೆ, ಯಾಕೆ ಅಂತ ಕೇಳಿದರೆ ಗೊತ್ತಿಲ್ಲ, ಮೂರನೆಯದರ ಮೇಲೆ ಯಾರದೋ ಬೆರಳಚ್ಚು ಇತ್ತು. ಸೋಮವಾರ ಹುಟ್ಟಿದ್ದಾ ಶುಕ್ರವಾರ ಹುಟ್ಟಿದ್ದಾ ಇದು, ಸೋಮವಾರದ್ದಾದ್ರೆ ಕಷ್ಟ ಕಣೇ, ಫ್ಯಾಕ್ಟರಿಯೋರಿಗೆ ಭಾನುವಾರದ್ದು ಇನ್ನೂ ಇಳಿದಿರಲ್ಲ, ಅಂತ ಲ್ಯಾಡ್. ಆ ಸಂಜೆ ಕಣದ ಹಿಂದೆ ನೂರು ಗಜಕ್ಕೆ ಕಾಗದ ಹೊಡೆದೆ, ಅಂಗಡಿಯದೇ ತೋಟಾ, ಮೂರು ಗುಂಡು, ಮೂರೂ ಹೆಬ್ಬೆರಳಿನ ಉಗುರಿನ ಕೆಳಗೆ ಮುಚ್ಚಿಹೋದವು, ಒಂದು ತೂತು ಇನ್ನೊಂದನ್ನು ಕಚ್ಚಿಕೊಂಡು. ಲ್ಯಾಡ್‌ನವು ಅವತ್ತು ಮೂರು ಬೆರಳಷ್ಟು ಅಗಲ, ಗಾಳಿ ಅಂದ, ಗಾಳಿಯೇ ಇರಲಿಲ್ಲ. ಅಪ್ಪ ಕಾಗದವನ್ನು ಬಿಸಿಲಿಗೆ ಹಿಡಿದು ನೋಡಿ ಫ್ರಿಜ್ ಬಾಗಿಲಿಗೆ ಅಂಟಿಸಿದ, ಅದರ ಪಕ್ಕದಲ್ಲೇ ಹಾಲು ಒಡೆದರೆ ಏನು ಮಾಡಬೇಕು ಅನ್ನುವ ಅಮ್ಮನ ಚೀಟಿ. ನಮ್ಮ ಸಂಖ್ಯಾಶಾಸ್ತ್ರದ ಮೇಡಂಗೆ ಆ ಫೋಟೋ ತೋರಿಸಿದೆ, ಜಂಬಕ್ಕೆ, ಅವರು ಕನ್ನಡಕ ಏರಿಸಿ, ಮೂರು ತೂತಿನಿಂದ ಏನೂ ಗೊತ್ತಾಗಲ್ಲ ಮರೀ, ಮೂವತ್ತು ಹೊಡಿ, ಆಮೇಲೆ ಬಾ, ಅಂದರು. ಮೂವತ್ತು ಹೊಡೆದೆ. ಮೂವತ್ತೂ ಒಂದು ಬಿಸ್ಕೆಟ್‌ನೊಳಗೆ ಬಿದ್ದವು. ಯಾರೋ ನನ್ನ ಹೆಸರೇ ಕೇಳದವರು, ಊಟದ ಗಂಟೆ ಯಾವಾಗ ಹೊಡೆಯುತ್ತದೆ ಅಂತ ಕಾಯುತ್ತ, ಸಾವಿರದಲ್ಲಿ ಒಂದನ್ನು ಹೀಗೆ ನೆಟ್ಟಗೆ ಮಾಡಿ ಪೆಟ್ಟಿಗೆಗೆ ಹಾಕಿ ಕಳಿಸಿದ್ದಾರೆ. ಆದರೆ ಆ ಮೂವತ್ತೂ ಗಲೀಜು ನಳಿಗೆಯವು. ತೊಳೆದ ನಳಿಗೆಯ ಮೊದಲ ಗುಂಡು ನಾನು ಒಂದೇ ಸಲ ನೋಡಿರುವುದು, ಅಕ್ಟೋಬರ್‌ನಲ್ಲಿ, ನೂರು ಗಜಕ್ಕೆ ಒಂದೂವರೆ ಇಂಚು ಮೇಲೆ ಹೋಗಿತ್ತು, ಪುಸ್ತಕದಲ್ಲಿ ಬರೆದು ಕೆಳಗೆ ಗೆರೆ ಎಳೆದಿದ್ದೇನೆ. ನೂರಕ್ಕೆ ಒಂದೂವರೆ ಅಂದರೆ ನಾನೂರಕ್ಕೆ ಆರು. ಕಯೋಟಿಯ ಎದೆ ಬೆನ್ನಿನಿಂದ ಹೊಟ್ಟೆಗೆ ಎಂಟು ಇಂಚು, ಒಂಬತ್ತು, ಉಬ್ಬಿ ಕಾಣುವುದೆಲ್ಲ ಕೂದಲು. ನಡುವೆ ಹಿಡಿದರೆ ಬೆನ್ನಿನ ಮೇಲೆ ಹಾರಿಹೋಗುತ್ತದೆ. ಒಂದು ಸಲ ಮಾತ್ರ ನೋಡಿದ್ದು, ಒಂದು ತೂತು, ಒಂದು ತೂತಿನಿಂದ ಏನೂ ಗೊತ್ತಾಗಲ್ಲ ಮರೀ.

ಬಂದ. ಬಂದೇ ಬಿಟ್ಟ, ಎಲ್ಲಿಂದ ಅಂತ ಯಾವತ್ತೂ ಕಾಣುವುದಿಲ್ಲ, ಪೊದೆ ಇತ್ತು, ಈಗ ಪೊದೆಯ ಪಕ್ಕ ಅವನು, ಅದೇ ತಗ್ಗಿದ ತಲೆ, ಅದೇ ಕಿವಿ, ಉಸಿರು ಬಿಡು ಜೋಡೆಲ್, ದೂರ ಅಳೆಯುವ ಯಂತ್ರ ನಾನೂರ ಹತ್ತು ಅನ್ನುತ್ತಿದೆ, ಇನ್ನೊಮ್ಮೆ ಒತ್ತು, ನಾನೂರ ಹತ್ತು, ಬಂದೂಕಿನ ಮೇಲಿನ ದುರ್ಬೀನಿನ ಚಕ್ರ ಆ ದೂರಕ್ಕೆ ತಿರುಗಿಸು, ಟಿಕ್ ಟಿಕ್ ಟಿಕ್, ಗಾಳಿ ಹುಲ್ಲಿನ ತುದಿಯಲ್ಲಿ ಅಷ್ಟೇ, ಹೋಗಲಿ ಬಿಡು. ಅಡ್ಡ ನಿಂತಿದ್ದಾನೆ, ಕೆಳಗೆ ಕುರಿಗಳ ಕಡೆ ನೋಡುತ್ತಿದ್ದಾನೆ, ಎಣಿಸುತ್ತಿದ್ದಾನೋ ಏನೋ ಮೇಷ್ಟ್ರು, ಹಾಜರಿ ಹಾಕುತ್ತಿದ್ದಾನೆ, ನಗು ಬರುತ್ತಿದೆ, ನಗಬೇಡ, ದುರ್ಬೀನು ಅಲುಗುತ್ತದೆ. ಬೆನ್ನಿನ ಮೇಲೆ ಹೋದರೆ ಓಡುತ್ತಾನೆ, ಓಡಿದರೆ ಇನ್ನು ಹಗಲಲ್ಲಿ ಕಾಣಿಸುವುದಿಲ್ಲ, ಕಾಣಿಸದಿದ್ದರೆ ನಾಳೆ ವಿಮಾನ, ಅವಳೂ ಮಗಳೂ ಐದು ಮರಿಯೂ. ಎಲ್ಲಿ ಹಿಡಿಯಲಿ, ನಡುವೆಯಾ, ಕೆಳಗಾ, ಪುಸ್ತಕದ ಮಾತು ಕೇಳಲಾ, ಬಂದೂಕಿನ ಮಾತು ಕೇಳಲಾ, ಲ್ಯಾಡ್ ಆಗಿದ್ದರೆ ಯೋಚನೆಯನ್ನೇ ಮಾಡುತ್ತಿರಲಿಲ್ಲ, ಅಪ್ಪನಾಗಿದ್ದರೆ ತೊಳೆದೇ ಇರುತ್ತಿರಲಿಲ್ಲ, ತೊಳೆದದ್ದು ನಾನು, ಬರೆದದ್ದೂ ನಾನು, ಗೆರೆ ಎಳೆದಿದ್ದೇನೆ ಅದರ ಕೆಳಗೆ, ಆರು ಇಂಚು ಕೆಳಗೆ ಹಿಡಿ, ಹೊಟ್ಟೆಯ ಕೂದಲಿಗಿಂತ ಸ್ವಲ್ಪ ಕೆಳಗೆ, ಬರೀ ಹವೆಗೆ ಗುರಿ ಹಿಡಿಯುವುದು ಎಷ್ಟು ವಿಚಿತ್ರ, ಅವನಿಲ್ಲದ ಕಡೆ ಗುರಿ, ಉಸಿರು ಅರ್ಧ, ನಿಲ್ಲಿಸು, ಬೆರಳು —

ಶಬ್ದ ಭುಜದಲ್ಲಿ, ಕಣಿವೆಯಲ್ಲಿ, ಆಮೇಲೆ ದಿಣ್ಣೆಯಾಚೆ, ದುರ್ಬೀನು ಎಗರಿ ಮತ್ತೆ ಕುಳಿತಿತು, ಅವನು ನಿಂತೇ ಇದ್ದಾನೆ. ಅವನ ಹೊಟ್ಟೆಯ ಕೆಳಗಿನಿಂದ ದಾಟಿ ಹಿಂದಿನ ಇಳಿಜಾರಿಗೆ ಬಿದ್ದಿದೆ ಗುಂಡು, ಅಂಗೈಯಷ್ಟು ಧೂಳು ಎದ್ದಿದೆ, ನಾನು ಹಿಡಿದ ಗೆರೆಯಲ್ಲೇ, ಒಂದು ಕೂದಲೂ ಆಚೀಚೆ ಇಲ್ಲ. ಎಣ್ಣೆ ಏನೂ ಮಾಡಲಿಲ್ಲ. ಅಕ್ಟೋಬರ್‌ನಲ್ಲಿ ಕೈ ನಡುಗಿದ್ದು ನನ್ನದೇ ಇರಬೇಕು. ನಡುವೆ ಹಿಡಿದಿದ್ದರೆ ನಡುವೆ ಬೀಳುತ್ತಿತ್ತು, ಎಡದಿಂದ ನಾಲ್ಕನೆಯದು ಹೇಳಿದ್ದನ್ನೇ ಮಾಡಿದೆ, ತೊಳೆದರೂ ಮಾಡಿದೆ, ತೊಳೆಯದಿದ್ದರೂ ಮಾಡುತ್ತಿತ್ತು, ನಂಬದವಳು ನಾನು. ಮತ್ತೆ ಅವನು ಓಡುತ್ತಿಲ್ಲ ಯಾಕೆ. ಶಬ್ದ ಎಲ್ಲ ಕಡೆಯಿಂದ ಬಂದಿದೆ ಅವನಿಗೆ, ಧೂಳು ಒಂದೇ ಕಡೆಯಿಂದ. ಕತ್ತು ಹಿಂದಕ್ಕೆ ತಿರುಗಿಸಿ ಆ ಧೂಳನ್ನು ನೋಡುತ್ತಿದ್ದಾನೆ, ತಲೆ ಓರೆ ಮಾಡಿ, ಎರಡು ಕಿವಿಯನ್ನೂ ಮುಂದಕ್ಕೆ ಚಾಚಿ, ಹಿಮದ ಕೆಳಗೆ ಇಲಿ ಓಡಾಡುವುದನ್ನು ಕೇಳಿಸಿಕೊಳ್ಳುವಾಗ ನಿಲ್ಲುತ್ತಾನಲ್ಲ, ಹಾಗೆ, ಆ ಧೂಳಿನೊಳಗೆ ಏನೋ ಸಣ್ಣದು ಇದೆ ಅನ್ನುವ ಹಾಗೆ. ಬೋಲ್ಟ್ ಎಳೆದೆ, ತಳ್ಳಿದೆ, ಎರಡನೇ ತೋಟಾ ಒಳಗೆ, ಕೈ ತಾನೇ ಮಾಡಿತು. ಈಗ ಯಾವ ನೆಪವೂ ಇಲ್ಲ, ಎಣ್ಣೆಯ ನೆಪ, ಅಂಗಡಿಯ ನೆಪ, ಸೋಮವಾರದ ನೆಪ, ಇದು ಎಲ್ಲಿಗೆ ಹೋಗುತ್ತದೆ ಅಂತ ನನಗೆ ಪೂರಾ ಗೊತ್ತು, ನಾಳೆಯ ವಿಮಾನವೂ ಗೊತ್ತು, ಒಂದು, ಎರಡು, ಅವನು ಇನ್ನೂ ಧೂಳನ್ನೇ ನೋಡುತ್ತಿದ್ದಾನೆ, ನಡುವೆ ಹಿಡಿದೆ, ಭುಜದ ಹಿಂದೆ, ಬೆರಳು.

ವಾಕಿಟಾಕಿ ಕರಕರ ಅನ್ನುತ್ತಿದೆ, ಜೋಡೆಲ್, ಎರಡು ಕೇಳಿಸ್ತಲ್ಲ, ಅಪ್ಪ ಮರಿ ಹಾಕಿಸುವ ಶೆಡ್ಡಿನಲ್ಲಿದ್ದಾನೆ, ಹಿಂದೆ ಕುರಿಗಳ ಗದ್ದಲ. ಹೂಂ, ಅಂದೆ. ಬಿತ್ತಾ. ಬಿತ್ತು. ಅವನೇನಾ, ಸರಿಯಾಗಿ ನೋಡಿದ್ಯಾ. ಅವನೇ ಅಪ್ಪ. ಸರಿ, ಪೈಲಟ್‌ಗೆ ಫೋನ್ ಮಾಡ್ತೀನಿ, ಬರೋದು ಬೇಡ ಅಂತ, ಆಡಿದ ಮಾತು ಆಡಿದ್ದೇ. ಆಮೇಲೆ ಲ್ಯಾಡ್‌ನ ದನಿ, ವಾಕಿಟಾಕಿ ಕಿತ್ತುಕೊಂಡಿರಬೇಕು, ಏನೇ, ಮೊದಲನೇದು ಎಲ್ಲಿಗೆ ಹೋಯ್ತು, ಅಂಗಡಿ ಬಂದೂಕು ಕೈ ಕೊಡ್ತಾ, ನಾನು ಹೇಳ್ಲಿಲ್ವಾ. ಎಣ್ಣೆ ಅನ್ನಬಹುದಿತ್ತು, ಗಾಳಿ ಅನ್ನಬಹುದಿತ್ತು, ಅವನೂ ಅಂದಿದ್ದಾನೆ. ಬಂದೂಕು ಸರಿಯಾಗೇ ಹೊಡೀತು ಕಣೋ, ನಾನು ಹಿಡಿದಿದ್ದು ತಪ್ಪು, ಅಂದೆ. ಅಪ್ಪ ಮತ್ತೆ, ಮೆಲ್ಲಗೆ, ನಡ್ಕೊಂಡು ಹೋಗಿ ನೋಡಿ ಬಾ ಮಗಳೇ, ಹೊಡ್ದೋರು ಅಲ್ಲೀವರ್ಗೂ ನಡೀಬೇಕು. ಹೋಗುತ್ತೇನೆ, ನಾನೂರ ಹತ್ತು ಗಜ, ಇಳಿದು ತೊರೆ ದಾಟಿ ಹತ್ತಿದರೆ ಹತ್ತು ನಿಮಿಷ, ಎದ್ದೇಳಬೇಕು, ಖಾಲಿ ತೋಟಾ ಹೆಕ್ಕಿಕೊಳ್ಳಬೇಕು, ಎರಡು, ಬಿಸಿಲು ದಿಣ್ಣೆಯ ಬುಡಕ್ಕೆ ಇಳಿದಿದೆ, ಬಿಲದಲ್ಲಿ ಅವಳಿಗೂ ಕೇಳಿಸಿರಬೇಕು, ಮರಿಗಳನ್ನು ಒಳಗೆ ತಳ್ಳಿರಬೇಕು, ನಾಳೆ ಆಕಾಶದಲ್ಲಿ ಏನೂ ಬರುವುದಿಲ್ಲ, ಗೆದ್ದೆ ಅಂತಲೇ ಲೆಕ್ಕ, ಕಾಲು ಜೋಮು ಹಿಡಿದಿದೆ, ಎದ್ದೇಳು, ದುರ್ಬೀನಿನಿಂದ ಕಣ್ಣು ತೆಗಿ, ಅಲ್ಲಿ ಈಗ ಪೊದೆಯ ಪಕ್ಕ ಬೂದುಬಣ್ಣದ ಒಂದು ಗುಪ್ಪೆ ಬಿದ್ದಿದೆ ಅಷ್ಟೇ, ಬಿದ್ದಿದೆ, ನಾನೇ ನೋಡಿದೆ ಬಿದ್ದದ್ದನ್ನು, ಆದರೂ ನನ್ನ ಕಣ್ಣೊಳಗೆ ಅವನು ನಿಂತಿದ್ದಾನೆ, ಕತ್ತು ಹಿಂದಕ್ಕೆ, ತಲೆ ಓರೆ, ಆ ಅಂಗೈಯಷ್ಟು ಧೂಳು ಇನ್ನೂ ಕೆಳಗೆ ಕೂತಿಲ್ಲ, ಅವನು ಕೇಳಿಸಿಕೊಳ್ಳುತ್ತಿದ್ದಾನೆ